ಮಧ್ಯಾಹ್ನದ ಲೈನು

"ಮಕ್ಕಳು ಆಗ್ಯಾವಲ್ಲರಿ? ಇನ್ನ ಅದು ಇದ್ದು ಮಾಡೂದೇನೈತಿ? ತಗದುಬಿಡೂಣು."

ಡಾಕ್ಟರು ಇಷ್ಟು ಹೇಳಿ ಚೀಟಿಯ ಮೇಲೆ ಬರೆಯತೊಡಗಿದರು. ಅವರ ಧ್ವನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಡುಗೆಮನೆಯ ಮೂಲೆಯ ಹಳೆಯ ಬೀಸುಕಲ್ಲನ್ನು ಎತ್ತಿ ಹಿತ್ತಲಿಗೆ ಹಾಕೋಣವೇ ಎಂದು ಕೇಳುವವರ ಧಾಟಿ ಅದು. ಎದುರಿಗೆ ಸುಮಲತಾ ಕೂತಿದ್ದಳು. ಪಕ್ಕದಲ್ಲಿದ್ದ ಗಂಡ ಮಾಲತೇಶ ತಾರೀಖು ಕೇಳಿದ. ನಾಗರ ಪಂಚಮಿ ಹಬ್ಬದ ಮರುದಿನ ಎಂದಾಯಿತು. ಅವನಿಗೂ ಅದೇ ಅನುಕೂಲ. ಗೋಕುಲ ರಸ್ತೆಯಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಮಾಡುವ ಗ್ಯಾರೇಜು. ಮಳೆಗಾಲದಲ್ಲಿ ಕೆಲಸ ಕಡಿಮೆ.

ಕೆಲವು ತಿಂಗಳಿಂದ ಸುಮಲತಾಳಿಗೆ ಮುಟ್ಟಿನ ದಿನಗಳಲ್ಲಿ ರಕ್ತ ಹೆಚ್ಚು ಹೋಗುತ್ತಿತ್ತು. ಸ್ಕ್ಯಾನ್ ಮಾಡಿಸಿದಾಗ ಗರ್ಭಕೋಶದಲ್ಲಿ ಗಂಟು ಇದೆ ಎಂದು ತಿಳಿಯಿತು. ಈಗ ಗಂಟಿನ ಸಂಗಡ ಗರ್ಭಕೋಶವನ್ನೇ ತೆಗೆಯಬೇಕು. ಅವಳಿಗೆ ನಲವತ್ತಾರು. ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಾಗಿತ್ತು, ಮಗ ವಿನೋದ ಬೆಳಗಾವಿಯಲ್ಲಿ ಓದುತ್ತಿದ್ದ. ಡಾಕ್ಟರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಸ್ಕೂಟರಿನ ಹಿಂದೆ ಕೂತು ಉಣಕಲ್ಲಿನ ಮನೆಗೆ ಮರಳುವಾಗ, ಕೆರೆ ಕಾಣಿಸುವ ತನಕವೂ, ಆ ಒಂದು ಮಾತು ಅವಳನ್ನು ಬಿಡಲಿಲ್ಲ. ಇದ್ದು ಮಾಡೂದೇನೈತಿ.

ಅವಳಿಗೆ ಆಪರೇಶನ್ನಿನ ಹೆದರಿಕೆ ಅಷ್ಟಾಗಿ ಇರಲಿಲ್ಲ. ಆದರೆ ತೆಗೆಯುವ ವಸ್ತು ಹೇಗಿದೆ, ತೆಗೆಯದಿದ್ದರೆ ಏನಾಗುತ್ತದೆ, ತೆಗೆದ ಮೇಲೆ ತಾನು ಹೇಗಿರುತ್ತೇನೆ, ಇದನ್ನೆಲ್ಲ ತಿಳಿಯದೆ ಹೂಂ ಅನ್ನಲು ಮನಸ್ಸು ಬರಲಿಲ್ಲ. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುವಿ ನೋಡಿ ಕೊಳ್ಳುವ ಹೆಂಗಸು ಅವಳು. ಇದೊಂದನ್ನು ಮಾತ್ರ ನೋಡದೆ ಕೊಟ್ಟುಬಿಡುವುದು ಹೇಗೆ?

ಯಾರನ್ನು ಕೇಳುವುದು? ಓಣಿಯಲ್ಲಿ ಅವಳ ವಯಸ್ಸಿನ ಎಷ್ಟೋ ಹೆಂಗಸರು ತೆಗೆಸಿಕೊಂಡಿದ್ದರು. "ಹಗರ ಆಗತೈತಿ ನೋಡ್ರಿ" ಎಂದು ಒಬ್ಬಳು, "ಸೊಂಟ ಹೋತ್ರಿ ಯಕ್ಕಾ, ಮುಗೀತು" ಎಂದು ಇನ್ನೊಬ್ಬಳು. ಯಾಕೆ ತೆಗೆದರು ಎಂದರೆ ಇಬ್ಬರಿಗೂ ಗೊತ್ತಿಲ್ಲ. ಕೊನೆಗೆ ಒಂದು ದಿನ ಅಡುಗೆಮನೆಯಲ್ಲಿ ಅತ್ತೆ ಹನುಮವ್ವನನ್ನೇ ಕೇಳಿದಳು. ಮುದುಕಿ ಪಂಚಮಿಯ ಉಂಡೆಗೆ ಶೇಂಗಾ ಹುರಿದು ಸಿಪ್ಪೆ ತಿಕ್ಕುತ್ತಿದ್ದಳು.

"ಅತ್ತೀ, ನಿಮ್ಮದು ಯಾಕ ತಗದಿದ್ರು?"

"ಯಾರಿಗ್ಗೊತ್ತ ನಮ್ಮವ್ವಾ. ನಿಮ್ಮ ಮಾವ ಡಾಕ್ಟರ್ ಕೂಡ ಮಾತಾಡಿದ. ನನ್ನ ಗಾಲೀ ಮಂಚದ ಮ್ಯಾಲೆ ಮಲಗಿಸಿದ್ರು. ಎಚ್ಚರಾದಾಗ ಹೊಟ್ಟಿ ಮ್ಯಾಲೆ ಹೊಲಿಗಿ."

"ಏನ ತಗದ್ರಿ ಅಂತ ಕೇಳಲಿಲ್ಲೇನು?"

"ಕೇಳಿದ್ನಿ. ಚೀಲಾ ಅಂದ್ರು. ಯಾವ ಚೀಲಾ, ಎಷ್ಟರದು, ನಾ ಏನ ಕಂಡೇನಿ? ಆರು ಹಡದ ಚೀಲಾ, ದೊಡ್ಡದ ಇದ್ದಿರಬೇಕ ತಗೋ. ಜ್ವಾಳದ ಚೀಲದಷ್ಟು!" ಹನುಮವ್ವ ನಕ್ಕಳು. ಆಮೇಲೆ ಸಿಪ್ಪೆ ತಿಕ್ಕುತ್ತಿದ್ದ ಕೈ ನಿಂತಿತು. "ಖರೇ ಹೇಳ್ತೇನಿ ಸುಮಾ, ಒಂದ ಸಲ ನೋಡಬೇಕನಸಿತ್ತು. ನನ್ನ ಒಳಗಿಂದಲ್ಲೇನು. ಆದ್ರ ಯಾರಿಗೆ ತೋರಸ್ರಿ ಅನ್ನೂದು?"

ಸುಮಲತಾಳ ಕಣ್ಣು ಬಾಗಿಲಿನಾಚೆ ಪಡಸಾಲೆಯತ್ತ ಹೋಗಿತ್ತು.

ಪಡಸಾಲೆಯ ಟಿ.ವಿ.ಯ ಮೇಲೆ, ಅವಳೇ ಹಾಕಿದ ಕಸೂತಿ ಬಟ್ಟೆಯ ಕೆಳಗೆ, ಒಂದು ಕಪ್ಪು ಪೆಟ್ಟಿಗೆ ಇತ್ತು. ಹಿಂದಿನ ವರ್ಷ, ಎರಡು ಸಾವಿರದ ಇಸವಿಯಲ್ಲಿ, ಮಾಲತೇಶ ಗ್ಯಾರೇಜಿಗೆ ಕಂಪ್ಯೂಟರ್ ತರಬೇಕೆಂದು ಅಂಗಡಿಗೆ ಹೋದವನು ಇದನ್ನು ಹಿಡಿದುಕೊಂಡು ಬಂದಿದ್ದ. ಮನೆಗೆ ಬಂದು ಜೋಡಿಸಿಕೊಟ್ಟ ಏಜೆಂಟನ ಮಾತು ಸುಮಲತಾಳಿಗೆ ಇನ್ನೂ ನೆನಪಿತ್ತು. "ಕಂಪ್ಯೂಟರ್ ಯಾಕ್ರಿ ಸಾಹೇಬ್ರ? ಟಿ.ವಿ. ಹಚ್ಚಾಕ ಬರತೈತಿಲ್ಲೋ? ಅಷ್ಟ ಬಂದ್ರ ಇಂಟರ್‌ನೆಟ್ ಬಂದಂಗ ತಿಳಕೋರಿ." ಪೆಟ್ಟಿಗೆಯ ಒಂದು ವಾಯರು ಟಿ.ವಿ.ಗೆ, ಇನ್ನೊಂದು ಟೆಲಿಫೋನಿಗೆ. ಸಂಗಡ ತೊಡೆಯ ಮೇಲೆ ಇಟ್ಟುಕೊಳ್ಳುವಂಥ, ವಾಯರಿಲ್ಲದ ಒಂದು ಅಕ್ಷರದ ಹಲಗೆ. ಮಾಲತೇಶ ಅದರಲ್ಲಿ ಕ್ರಿಕೆಟ್ ಸ್ಕೋರು ನೋಡಿದ, ಪಂಪ್ ಕಂಪನಿಯ ಪುಟ ತೆರೆದು ಚಿತ್ರ ಪೂರ್ತಿ ಇಳಿಯುವಷ್ಟರಲ್ಲಿ ಚಹಾ ಆರಿತು ಎಂದು ಬೈದ, ಆಮೇಲೆ ಮರೆತುಬಿಟ್ಟ. ಇತ್ತೀಚೆಗೆ ಅದರ ಮಾತು ಬಂದಾಗಲೆಲ್ಲ ಹೇಳುತ್ತಿದ್ದ: "ಇದ್ದು ಮಾಡೂದೇನೈತಿ? ಯಾರಿಗ್ಯರ ಕೊಟ್ಟುಬಿಡೂಣು."

ಕಂಪ್ಯೂಟರ್ ಎಂದರೆ ಸುಮಲತಾಳಿಗೆ ಆಗುತ್ತಿರಲಿಲ್ಲ. ಮೈದುನನ ಮನೆಯಲ್ಲಿ ಒಂದಿತ್ತು. ಅದಕ್ಕೆ ಬೇರೆ ಕೋಣೆ, ಬೇರೆ ಫ್ಯಾನು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಒಮ್ಮೆ ಅವಳು ಬೆರಳು ಮುಂದೆ ಮಾಡಿದಾಗ ಆ ಮನೆಯ ಹುಡುಗಿ "ಮುಟ್ಟಬ್ಯಾಡ್ರಿ ದೊಡ್ಡವ್ವ, ವೈರಸ್ ಬರತೈತಿ" ಅಂದಿದ್ದಳು. ಎಷ್ಟೋ ದಿನ ಸುಮಲತಾ ಆ ರೋಗ ತನ್ನ ಕೈಯಿಂದಲೇ ಹೋಗುತ್ತದೆ ಎಂದು ತಿಳಿದಿದ್ದಳು. ವಿದ್ಯಾನಗರದಲ್ಲಿ ಸೈಬರ್ ಕೆಫೆಗಳಿದ್ದವು, ನಿಜ. ಪ್ಲೈವುಡ್ಡಿನ ಗೂಡುಗಳಲ್ಲಿ ಪರದೆ ಎಳೆದುಕೊಂಡು ಕಾಲೇಜು ಹುಡುಗರು ಕೂತಿರುವ ಜಾಗಕ್ಕೆ ನಲವತ್ತಾರರ ಹೆಂಗಸು ಹೋಗಿ, ಗರ್ಭಕೋಶದ ಬಗ್ಗೆ ನೋಡಬೇಕಿತ್ತು ತಮ್ಮಾ ಎಂದು ಕೇಳುವುದುಂಟೇ?

ಟಿ.ವಿ.ಯ ಮಾತು ಬೇರೆ. ಅದು ಆ ಮನೆಗೆ ಬಂದ ದಿನದಿಂದ ಅವಳ ಕೈಯಲ್ಲೇ ಬೆಳೆದಿತ್ತು. ಆಂಟೆನಾ ತಿರುಗಿಸುವ ಕಾಲದಿಂದ ಕೇಬಲ್ಲಿನ ಕಾಲದ ತನಕ, ಯಾವ ಬಟನ್ ಒತ್ತಿದರೆ ಬಣ್ಣ ಸರಿಹೋಗುತ್ತದೆ, ಯಾವ ಬದಿ ತಟ್ಟಿದರೆ ಧ್ವನಿ ಬರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ತಿಳಿದವರು ಆ ಮನೆಯಲ್ಲಿ ಇರಲಿಲ್ಲ. ಟಿ.ವಿ.ಯ ಮುಂದೆ ಅವಳು ಎಂದೂ ದಡ್ಡಿಯಾಗಿರಲಿಲ್ಲ.

ಮರುದಿನ ಮಧ್ಯಾಹ್ನ, ಪಾತ್ರೆ ತೊಳೆದು ಮುಗಿದ ಮೇಲೆ, ಅವಳು ಪಡಸಾಲೆಯ ಬಾಗಿಲು ಓರೆ ಮಾಡಿ ಕಸೂತಿ ಬಟ್ಟೆ ಎತ್ತಿದಳು.

ಗುಂಡಿ ಒತ್ತಿದೊಡನೆ ಪೆಟ್ಟಿಗೆ ಫೋನಿನ ನಂಬರನ್ನು ತಾನೇ ತಿರುಗಿಸಿಕೊಂಡಿತು. ಒಳಗಿನಿಂದ ಕೀರಲು ಸದ್ದು, ರೇಡಿಯೋದ ಮುಳ್ಳು ಎರಡು ಸ್ಟೇಶನ್ನುಗಳ ನಡುವೆ ಸಿಕ್ಕಿಕೊಂಡ ಹಾಗೆ. ಆಮೇಲೆ ಸದ್ದು ನಿಂತು ಪರದೆಯ ಮೇಲೆ ದೊಡ್ಡ ದೊಡ್ಡ ಚಿತ್ರಗಳು ಬಂದವು: ಲಕೋಟೆಯದೊಂದು, ಪತ್ರಿಕೆಯದೊಂದು, ಭೂತಗನ್ನಡಿಯದೊಂದು. ಬಾಣದ ಗುರುತು ಒತ್ತಿದರೆ ಹಳದಿ ಚೌಕಟ್ಟು ಒಂದರಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಚಾನೆಲ್ ಬದಲಿಸುವುದಕ್ಕಿಂತ ಅದೇನೂ ಕಷ್ಟವಿರಲಿಲ್ಲ. ಹುಡುಕುವುದಕ್ಕೆ ಭೂತಗನ್ನಡಿಯೇ ಇರಬೇಕು ಎಂದು ಊಹಿಸಿ ಒತ್ತಿದಳು. ಖಾಲಿ ಪಟ್ಟಿಯೊಂದು ತೆರೆಯಿತು. ಸ್ಕ್ಯಾನ್ ಮಾಡಿದವರು ಟೈಪ್ ಮಾಡಿ ಕೊಟ್ಟಿದ್ದ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡು, ಅದರಲ್ಲಿ ಗಂಟಿಗೆ ಇದ್ದ ಇಂಗ್ಲಿಷ್ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಫೈಬ್ರಾಯ್ಡ್. ತನ್ನ ಬೆರಳಿನ ಕೆಳಗೆ ಒತ್ತಿದ ಅಕ್ಷರ ಅಲ್ಲಿ, ಎದುರಿಗೆ, ಅಂಗೈಯಷ್ಟು ದೊಡ್ಡದಾಗಿ ಮೂಡುವುದನ್ನು ನೋಡಿ ಅವಳಿಗೆ ನಗು ಬಂತು. ಸುದ್ದಿ ಓದುವವರ ಜಾಗದಲ್ಲಿ ಈಗ ತನ್ನ ಮಾತು ನಿಂತಿದೆ!

ಓದುವುದೇನೂ ಸಲೀಸಿರಲಿಲ್ಲ. ಎಲ್ಲ ಇಂಗ್ಲಿಷಿನಲ್ಲಿತ್ತು. ಧಾರವಾಡದ ಕಾಲೇಜಿನಲ್ಲಿ ಬಿ.ಎ. ಮಾಡಿ ಇಪ್ಪತ್ತೈದು ವರ್ಷವಾಗಿತ್ತು. ಆ ಇಂಗ್ಲಿಷು ಮದುವೆಯ ರೇಶ್ಮೆ ಸೀರೆಯ ಹಾಗೆ ಟ್ರಂಕಿನಲ್ಲಿ ಮಡಿಕೆ ಬಿದ್ದು ಕೂತಿತ್ತು. ವಿನೋದನ ಡಿಕ್ಷನರಿ ತಂದಿಟ್ಟುಕೊಂಡಳು. ಒಂದು ಸಾಲಿಗೆ ನಾಲ್ಕು ಸಲ ಪುಟ ತಿರುವಬೇಕು. ಆದರೆ ಪರದೆಯ ಮೇಲಿನ ಸಾಲು ಎಲ್ಲಿಯೂ ಓಡಿಹೋಗುತ್ತಿರಲಿಲ್ಲ. ಡಾಕ್ಟರ ಎದುರು ಒಂದು ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಗಂಟೆ ಬಾರಿಸಿ ಮುಂದಿನವರನ್ನು ಕರೆಯುತ್ತಾರೆ. ಇದು ಅವಳ ವೇಗಕ್ಕೆ ಕಾದು ನಿಂತಿತ್ತು.

ಹೀಗೆ ದಿನಾ ಮಧ್ಯಾಹ್ನ ಓದಿದಳು. ನಲವತ್ತು ದಾಟಿದ ಹೆಂಗಸರಲ್ಲಿ ಇಂಥ ಗಂಟು ಬಹಳ ಮಂದಿಗೆ ಇರುತ್ತದೆ ಎಂದು ತಿಳಿಯಿತು. ಹೆಚ್ಚಿನವು ಕ್ಯಾನ್ಸರ್ ಅಲ್ಲ. ಮುಟ್ಟು ನಿಂತ ಮೇಲೆ ಎಷ್ಟೋ ಗಂಟುಗಳು ತಾವೇ ಕುಗ್ಗುತ್ತವೆ. ಸಣ್ಣದಿದ್ದರೆ ಕಾಯಬಹುದು, ರಕ್ತಕ್ಕೆ ಗುಳಿಗೆ ಇದೆ. ತೆಗೆಯುವುದು ಒಂದು ದಾರಿ, ಇರುವ ದಾರಿ ಅದೊಂದೇ ಅಲ್ಲ. ಇನ್ನೊಂದು ಪುಟದಲ್ಲಿ ಯಾವುದೋ ಚೂರ್ಣ ಮಾರುತ್ತಿದ್ದರು, ಏಳು ದಿನದಲ್ಲಿ ಗಂಟು ಕರಗುತ್ತದಂತೆ. ದುರ್ಗದಬೈಲಿನ ಪೇಟೆಯಲ್ಲಿ ಬಟ್ಟೆ ಹಾಸಿ ಬೇರು ಮಾರುವವನೂ ಇಲ್ಲಿಗೆ ಬಂದಿದ್ದಾನೆ ಎಂದುಕೊಂಡು ಅದನ್ನು ದಾಟಿ ಹೋದಳು. ಒಂದು ಸಾಲು ಮಾತ್ರ ಅವಳನ್ನು ಹಿಡಿದು ನಿಲ್ಲಿಸಿತು: ಗರ್ಭಕೋಶ ತೆಗೆಯುವಾಗ ಅಂಡಾಶಯಗಳನ್ನೂ ತೆಗೆಯುತ್ತಾರೋ ಬಿಡುತ್ತಾರೋ ಎಂದು ಮೊದಲೇ ಕೇಳಿಕೊಳ್ಳಿ. ಹಾಗೊಂದು ಪ್ರಶ್ನೆ ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಮಲಗಿಸಿ ಏನೇನು ತೆಗೆದಿರುತ್ತಿದ್ದರೋ. ಎಚ್ಚರಾದಾಗ ಹೊಟ್ಟೆಯ ಮೇಲೆ ಹೊಲಿಗೆ ಇರುತ್ತಿತ್ತು, ಅಷ್ಟೆ.

ಒಂದು ಮಧ್ಯಾಹ್ನ ಚಿತ್ರ ಸಿಕ್ಕಿತು. ಮೇಲಿನಿಂದ ಪಟ್ಟಿ ಪಟ್ಟಿಯಾಗಿ, ಅಂಗಡಿಯ ಶಟರ್ ಎಳೆದ ಹಾಗೆ ನಿಧಾನಕ್ಕೆ ಇಳಿಯಿತು. ಪೂರ್ತಿ ಇಳಿದ ಮೇಲೆ ಅವಳು ಒಳಕ್ಕೆ ಕರೆದಳು. "ಅತ್ತೀ, ಬರ್ರಿಲ್ಲೆ."

ಹನುಮವ್ವ ಬಂದು ಟಿ.ವಿ.ಯ ಮುಂದೆ ನೆಲಕ್ಕೆ ಕೂತಳು. ಕಣ್ಣು ಸಣ್ಣದು ಮಾಡಿದಳು.

"ಏನದು?"

"ಅದ. ನೀವು ನೋಡಬೇಕು ಅಂದಿದ್ರಿಲ್ಲ, ಚೀಲಾ."

ಮುದುಕಿ ಮೊಣಕಾಲಿನ ಮೇಲೆ ಸರಿದು ಮುಂದೆ ಹೋಗಿ ಪರದೆಗೆ ಬೆರಳು ತಾಗಿಸಿದಳು. ಗಾಜಿನ ಮೇಲಿನ ವಿದ್ಯುತ್ತು ಚಟ್ ಎಂದಿತು. ಬೆರಳು ಹಿಂದೆ ತೆಗೆಯಲಿಲ್ಲ.

"ಎಷ್ಟರದು ಇರತೈತಂತ?"

"ಒಂದ ಹಣ್ಣಿನಷ್ಟಂತ್ರಿ. ನಮ್ಮ ಪೇರಲ ಹಣ್ಣಿನಷ್ಟು ಅಂತ ತಿಳಕೋರಿ."

"ಪೇರಲ ಹಣ್ಣು?" ಹನುಮವ್ವ ತನ್ನ ಅಂಗೈಯನ್ನು ಬೋಗುಣಿಯ ಹಾಗೆ ಮಾಡಿ ನೋಡಿಕೊಂಡಳು. "ಇಷ್ಟ? ಇಷ್ಟರಾಗ ಆರು ಮಂದಿ ಇದ್ದು ಹ್ವಾದ್ರಾ? ನಾ ಜ್ವಾಳದ ಚೀಲಾ ತಿಳದಿದ್ನಿ." ಅಂಗೈಯನ್ನು ಮೆಲ್ಲಗೆ ಮುಚ್ಚಿದಳು. "ಸಣ್ಣದಿದ್ರೂ ಗಟ್ಟಿ ಇತ್ತು ನೋಡ ನಂದು."

ಅಂದಿನಿಂದ ಸುಮಲತಾಳಿಗೆ ತಾನು ಕದ್ದು ಏನೋ ಮಾಡುತ್ತಿದ್ದೇನೆ ಎಂಬ ಭಾವನೆ ಹೋಯಿತು. ಆದರೂ ಗಂಡನಿಗೆ ಹೇಳಿರಲಿಲ್ಲ. ಹೇಳಬೇಕಾದ್ದು ಮೂರೇ ಮಾತು: ಇನ್ನೊಬ್ಬ ಡಾಕ್ಟರನ್ನು ಕೇಳುತ್ತೇನೆ. ಮಗಳ ಹೆರಿಗೆ ಮಾಡಿಸಿದ್ದ ಹಿರಿಯ ಡಾಕ್ಟರಬಾಯಿ ಧಾರವಾಡದಲ್ಲಿದ್ದರು. ಆದರೆ ತಾರೀಖು ಗೊತ್ತಾಗಿದೆ, ಆಸ್ಪತ್ರೆಯ ಮಂಚ ಗೊತ್ತಾಗಿದೆ, ನೋಡಿಕೊಳ್ಳಲು ಮಗಳು ಬರುವುದಾಗಿದೆ. ಇಷ್ಟೆಲ್ಲ ಗೊತ್ತಾದ ಮೇಲೆ ಆ ಮೂರು ಮಾತಿಗೆ ಜಾಗ ಎಲ್ಲಿ ಮಾಡುವುದೆಂದು ಅವಳು ಯೋಚಿಸುತ್ತಿದ್ದಳು.

ಜಾಗ ತಾನಾಗಿಯೇ ಆಯಿತು, ಅವಳ ತಪ್ಪಿನಿಂದ.

ಪಂಚಮಿ ಹತ್ತಿರ ಬಂದಿತ್ತು. ಪಕ್ಕದ ಮನೆಯ ಕರೀಮಾಬಿ ಎಳ್ಳು ಕೊಡಲು ಬಂದವಳು ಹನುಮವ್ವನ ಬಾಯಿಂದ ಚಿತ್ರದ ವಿಷಯ ಕೇಳಿ, ನನಗೂ ತೋರಿಸಿ ಎಂದು ಕೂತುಬಿಟ್ಟಳು. ಮೂವರೂ ನೋಡುತ್ತಿದ್ದರು.

"ಯಾ ಅಲ್ಲಾ, ಎಷ್ಟ ಚಂದ ಐತ್ರಿ ಅಕ್ಕಾರ! ಎರಡೂ ಕಡೆ ಕೈ ಚಾಚಿ ನಿಂತಂಗ. ನಮ್ಮ ಮನಿಯವರು ಇಷ್ಟು ವರ್ಷ ಟೇಲರಿಂಗ್ ಮಾಡ್ಯಾರ, ಇಂಥಾ ಕಟಿಂಗ್ ಅವರಿಗೆ ಬಂದಿಲ್ಲ ನೋಡ್ರಿ."

ನಗುತ್ತಿರುವಾಗಲೇ ಹೊರಗೆ ಗಂಡಸಿನ ಕೆಮ್ಮು ಕೇಳಿಸಿತು. ಆ ಓಣಿಯ ಮನೆಗಳಲ್ಲಿ ಮಧ್ಯಾಹ್ನದ ಗಂಡಸಿನ ಕೆಮ್ಮಿಗೆ ಒಂದೇ ಉತ್ತರ: ರಿಮೋಟ್ ಒತ್ತು, ಟಿ.ವಿ. ಆರಿಸು, ಬಟ್ಟೆ ಇಳಿಬಿಡು, ಸೆರಗು ಮೇಲಕ್ಕೆ. ಸೀರಿಯಲ್ಲು ಎಂಥ ಘಟ್ಟದಲ್ಲಿದ್ದರೂ ಅಷ್ಟೆ. ಸುಮಲತಾಳ ಕೈ ಅದನ್ನು ತಾನೇ ಮಾಡಿ ಮುಗಿಸಿತು. ಟಿ.ವಿ. ಆರಿತು. ಅದರ ಮೇಲಿನ ಪೆಟ್ಟಿಗೆಗೆ ಅದು ತಿಳಿಯಲಿಲ್ಲ. ಬೇರೆ ದಿನ ಅವಳು ಮರೆಯದೆ ಲೈನು ಬಿಡಿಸುತ್ತಿದ್ದಳು. ಇವತ್ತು ಪೆಟ್ಟಿಗೆ ಬಟ್ಟೆಯ ಕೆಳಗೆ ಫೋನಿನ ಲೈನನ್ನು ಬಿಗಿಯಾಗಿ ಹಿಡಿದುಕೊಂಡೇ ಕೂತಿತು.

ಬಂದವನು ಬೀರಲಿಂಗಪ್ಪ, ಹನುಮವ್ವನ ತಮ್ಮ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅಕ್ಕನಿಗೆ ಪಂಚಮಿಯ ಸೀರೆ. ಹಳ್ಳಿಯಲ್ಲಿ ಇಂದಿಗೂ ಕುರಿ ಕಾಯುವ ಮನುಷ್ಯ. ಊಟವಾಯಿತು, ಉಂಡೆಯಾಯಿತು, ಯಾವ ಕುರಿ ಯಾವಾಗ ಈಯಿತು ಎಂಬ ಮಾತಾಯಿತು. ಚಹಾಕ್ಕೆ ಒಲೆಯ ಮೇಲೆ ನೀರಿಟ್ಟಾಗ ಅಂಗಳದಲ್ಲಿ ಸ್ಕೂಟರ್ ನಿಂತ ಸದ್ದು, ಅದರ ಹಿಂದೆಯೇ ಮಾಲತೇಶ. ಕೈಯ ಗ್ರೀಸನ್ನೂ ಒರೆಸಿಕೊಂಡಿರಲಿಲ್ಲ.

"ಸುಮಾ ಎಲ್ಲಿ? ಏನಾಗೇತಿ?"

"ಏನಾಗೇತಂದ್ರ? ನೀ ಯಾಕ ಹಿಂಗ ಬೆನ್ನ ಹತ್ತಿಸ್ಕೊಂಡವರಂಗ ಓಡಿ ಬಂದಿ?" ಎಂದಳು ಹನುಮವ್ವ.

"ಊಟಾದಾಗಿಂದ ಫೋನ್ ಹಚ್ಚಾಕತ್ತೇನಿ ಯವ್ವಾ. ಬರೇ ಎಂಗೇಜ್. ತಾಸುಗಟ್ಟಲೆ ಯಾರ ಮಾತಾಡತಾರ ಮನ್ಯಾಗ? ನಾ ತಿಳಕೊಂಡ್ನಿ, ಇಕಿಗೆ ಮತ್ತ ರಕ್ತ ಹೋಗಿ, ಫೋನ್ ಎತ್ತಾಕ ಹೋಗಿ ಬಿದ್ದಾಳ..." ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸರಿಯಾಗಿಯೇ ನಿಂತಿರುವುದನ್ನು ನೋಡಿ ಮಾತು ನಿಲ್ಲಿಸಿದ. ಸೋದರಮಾವನ ಮುಂದೆ ಅಷ್ಟು ಹೇಳಿದ್ದಕ್ಕೆ ನಾಚಿಕೆಯಾಗಿ ಫೋನಿನ ಕಡೆ ತಿರುಗಿದ. ರಿಸೀವರ್ ಎತ್ತಿದರೆ ಸೊರ್ ಎಂಬ ಸದ್ದು. ವಾಯರು ಹಿಡಿದು ಹೋದ ಅವನ ಕಣ್ಣಿಗೆ ಕಸೂತಿಯ ಎಳೆಗಳ ನಡುವೆ ಮಿನುಗುವ ಹಸಿರು ದೀಪ ಕಂಡಿತು. "ಇದರೌನ, ಇದನ್ಯಾರ ಹಚ್ಚ್ಯಾರ?" ಎನ್ನುತ್ತ ಬಟ್ಟೆ ಸರಿಸಿ ಟಿ.ವಿ.ಯ ಗುಂಡಿ ಒತ್ತಿದ.

ಪರದೆ ಬೆಳಗಿತು. ಇಪ್ಪತ್ತೊಂದು ಇಂಚಿನ ತುಂಬ, ಗುಲಾಬಿ ಬಣ್ಣದಲ್ಲಿ, ಗರ್ಭಕೋಶ.

ಉಂಡೆ ಕಟ್ಟಲು ಉಳಿದಿದ್ದ ಕರೀಮಾಬಿ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಮಾಲತೇಶನ ಕಿವಿ ಕೆಂಪಾದವು.

"ಬಂದ್ ಮಾಡು! ಮೊದಲ ಬಂದ್ ಮಾಡದನ್ನ! ಮಾಮಾ ಕುಂತಾನ."

ಮಾಮ ಮಾತ್ರ ಕಂಬಳಿ ಸರಿಸಿ ಮುಂದಕ್ಕೆ ಬಾಗಿದ್ದ. "ತಡಿಯೋ, ನೋಡಗೊಡು. ಇದು ಗರ್ಭಚೀಲ ಅಲ್ಲೇನು? ಕುರೀದೂ ಹಿಂಗ. ಅದಕ್ಕ ಎರಡು ಕೋಡು ಉದ್ದ. ಇದು ಯಾತರದು?"

"ಮನಶ್ಯಾರದು," ಎಂದಳು ಹನುಮವ್ವ.

"ಹೌದೇನು? ಛಲೋ ತಗದಾರಲ್ಲ!"

"ಯವ್ವಾ, ನೀನರ ಹೇಳ. ನಾಚಿಕಿ ಅನ್ನೂದು..."

"ಕುಂದರಲೇ ಅಲ್ಲೆ. ನಾಚಿಕಿ ಅಂತ, ನಾಚಿಕಿ. ಈಗ ನಾಚತಿ, ಬರೂ ಮುಂದ ಇದರಾಗಿಂದನ ಬಂದಿ. ನಂದು ತಗದು ಒಗದು ಎಷ್ಟು ವರ್ಷಾತು, ನಾನ ಈಗ ನೋಡೇನಿ. ನೀನೂ ನೋಡು."

ಅಕ್ಷರದ ಹಲಗೆ ಸುಮಲತಾಳ ಕೈಯಲ್ಲಿತ್ತು. ಅದನ್ನು ಯಾವಾಗ ಎತ್ತಿಕೊಂಡಳೋ ಅವಳಿಗೇ ತಿಳಿಯದು. ಆರಿಸುವ ಬಟನ್ನು ಹೆಬ್ಬೆರಳಿನ ಕೆಳಗೇ ಇತ್ತು. ಅವಳು ಅದನ್ನು ಒತ್ತಿದ್ದರೆ ಎಲ್ಲರೂ ಚಹಾ ಕುಡಿಯುತ್ತಿದ್ದರು, ನಕ್ಕು ಮರೆಯುತ್ತಿದ್ದರು, ಪಂಚಮಿಯ ಮರುದಿನ ಅವಳು ಗಾಲಿ ಮಂಚದ ಮೇಲೆ ಮಲಗುತ್ತಿದ್ದಳು. ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಿ ಬಾಣ ಒತ್ತಿದಳು. ಮುಂದಿನ ಚಿತ್ರ ನಿಧಾನಕ್ಕೆ ಇಳಿಯತೊಡಗಿತು.

"ಇಲ್ನೋಡ್ರಿ," ಎಂದಳು ಗಂಡನಿಗೆ. "ಇವು ಗಂಟು. ನಂದು ಈ ಸಣ್ಣದಿದ್ದಂಗ ಐತಿ, ಸ್ಕ್ಯಾನಿನಾಗ ಅಳತಿ ಬರದಾರ. ಇಷ್ಟರದು ಇದ್ರ ಕಾಯಬಹುದಂತ. ನನ್ನ ವಯಸ್ಸಿಗೆ ತಾನ ಕುಗ್ಗಿದ್ರೂ ಕುಗ್ಗತೈತಂತ. ನಾ ಧಾರವಾಡದ ಡಾಕ್ಟರಬಾಯಿಯವರನ್ನ ಕೇಳಾಕ ಹೊಂಟೇನಿ."

"ಟಿ.ವಿ. ನೋಡಿ ಆಪರೇಶನ್ ಬ್ಯಾಡ ಅಂತಿಯೇನ ಈಗ? ಡಾಕ್ಟರ್ ಕಲ್ತಾರವಾ. ಕೆಟ್ಟ ಸಾಮಾನ ತಗದು ಒಗದ್ರ ಮಶೀನು ಸುದ್ದ ಆಗತೈತಿ, ಅಷ್ಟ."

"ಬ್ಯಾಡ ಅನ್ನಾಕತ್ತಿಲ್ಲರಿ. ಕೇಳತೇನಿ ಅನ್ನಾಕತ್ತೇನಿ. ನಿಮ್ಮ ಗ್ಯಾರೇಜಿಗೆ ಒಂದ ಪಂಪ್ ಬರತೈತಿ, ನೀರ ಸೋರತೈತಿ. ನೀವೇನ ಮಾಡತೀರಿ? ಬಿಚ್ಚಿ ನೋಡತೀರಿ. ವಾಶರ್ ಹೋಗಿದ್ರ ವಾಶರ್ ಹಾಕತೀರಿ. ಭಾಂವಿಗೆ ಒಗೀರಿ ಅಂತ ಗಿರಾಕಿಗೆ ಹೇಳಿ ಕಳಸತೀರೇನು?"

ಬೀರಲಿಂಗಪ್ಪ ತೊಡೆ ತಟ್ಟಿ ನಕ್ಕ. "ಉತ್ತರಾ ಕೊಡೋ ಮಿಸ್ತ್ರಿ! ಅಲ್ಲಪ್ಪಾ, ನಾವು ಒಂದ ಟಗರು ಮಾರಬೇಕಂದ್ರ ನಾಕ ಮಂದೀನ ಕೇಳತೀವಿ. ಇದು ನಿನ್ನ ಹೇಣ್ತಿ ಹೊಟ್ಟಿ. ಇಬ್ಬರನ್ನರ ಕೇಳಬಾರದೇನು?"

ಮಾಲತೇಶ ಟಿ.ವಿ.ಯನ್ನೇ ನೋಡುತ್ತ ನಿಂತ. ಅವನ ಕಣ್ಣು ಈಗ ಚಿತ್ರದ ಮೇಲೆ ಬೇರೆ ರೀತಿ ಓಡುತ್ತಿತ್ತು. ಬಿಚ್ಚಿಟ್ಟ ಯಂತ್ರದ ಭಾಗಗಳನ್ನು ನೋಡುವಾಗ ಓಡುವ ಹಾಗೆ. "ಈ ಎರಡು ಪೈಪ ಏನು?" ಎಂದ, ಸಣ್ಣ ಧ್ವನಿಯಲ್ಲಿ.

ಸುಮಲತಾ ಹೇಳಿದಳು. ಅಂಡಾಶಯದ ಪ್ರಶ್ನೆಯನ್ನೂ ಹೇಳಿದಳು.

"ಅದನ್ನೂ ತಗೀತಾರ?"

"ಅದ ನನಗೂ ಗೊತ್ತಿಲ್ಲ. ನೀವು ತಾರೀಖು ಕೇಳಿದ್ರಿ, ಇದನ್ನ ಯಾರೂ ಕೇಳಲಿಲ್ಲ."

ಮಾತು ತಾಗಿತು ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಅವಳು ಅದನ್ನು ಮೆತ್ತಗೆ ಮಾಡಲು ಹೋಗಲಿಲ್ಲ. ಅವನು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ಖರೇ ಹೇಳಬೇಕಂದ್ರ ನನಗ ಅಲ್ಲಿ ಕುಂದರಾಕ ಆಗಿರಲಿಲ್ಲ. ಲಗೂನ ಮುಗದ್ರ ಸಾಕಾಗಿತ್ತು," ಎಂದ. ಆಮೇಲೆ, "ಆದ್ರ ಡಾಕ್ಟರ್‌ಗೆ ಮಾತ ಕೊಟ್ಟೇವಿ. ತಾರೀಖು ಬರಿಸೇನಿ. ಈಗೇನಂತ ಹೇಳೂದು?"

"ನೀವು ಹೇಳಬ್ಯಾಡ್ರಿ. ನನ್ನ ಹೊಟ್ಟಿ ತಾರೀಖು, ನಾನ ಹೇಳತೇನಿ."

ಅವಳು ಲೈನು ಬಿಡಿಸಿದಳು. ಹಸಿರು ದೀಪ ಆರಿತು. ಅದೇ ಫೋನೆತ್ತಿ ಆಸ್ಪತ್ರೆಯ ನಂಬರು ತಿರುಗಿಸಿದಳು. ಡಾಕ್ಟರು ಸಿಕ್ಕರು. ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ, ಆ ತನಕ ಆಪರೇಶನ್ ಬೇಡ ಎಂದು ಹೇಳಿದಳು.

"ಯಾರ ಹೇಳಿದ್ರು ನಿಮಗ?"

"ಯಾರೂ ಹೇಳಿಲ್ಲರಿ ಸರ. ನಾನ ಓದಿದ್ನಿ."

"ಹ್ಞೂಂ. ಆಗಲಿ, ನಿಮ್ಮಿಷ್ಟ. ತಡಾ ಮಾತ್ರ ಮಾಡಬ್ಯಾಡ್ರಿ. ಸ್ಕ್ಯಾನಿನ ಕಾಗದಾ ಒಯ್ಯೂದು ಮರೀಬ್ಯಾಡ್ರಿ."

ಎರಡು ದಿನದ ಮೇಲೆ ಗಂಡ ಹೆಂಡತಿ ಧಾರವಾಡಕ್ಕೆ ಹೋದರು. ಡಾಕ್ಟರಬಾಯಿ ಕನ್ನಡಕ ಏರಿಸಿ ಕಾಗದ ಓದಿದರು, ಪರೀಕ್ಷೆ ಮಾಡಿದರು, ರಕ್ತ ಕಡಿಮೆಯಾಗಿದೆ ಎಂದು ಬೈದರು. ಸುಮಲತಾ ಪ್ರಶ್ನೆ ಕೇಳಿದಳು. ಒಂದರ ಮೇಲೊಂದು, ಗಡಿಬಿಡಿ ಇಲ್ಲದೆ. ಮೇಜಿನ ಗಂಟೆಯ ಮೇಲಿದ್ದ ಡಾಕ್ಟರಬಾಯಿಯ ಕೈ ಹಿಂದಕ್ಕೆ ಸರಿಯಿತು.

"ಈಗ ತಗಿಯೂದೇನ ಬ್ಯಾಡ," ಎಂದರು ಕೊನೆಗೆ. "ಗುಳಿಗಿ ಕೊಡತೇನಿ, ರಕ್ತದ ಗುಳಿಗೀನೂ ತಗೋ. ಆರು ತಿಂಗಳಿಗೆ ಮತ್ತ ಸ್ಕ್ಯಾನ್. ಹಂಗಂತ ಎಂದೂ ತಗಸೂದಿಲ್ಲಂತ ಹಟ ಹಿಡೀಬ್ಯಾಡ. ಬೆಳದ್ರ ಆಗ ಮಾತಾಡೂಣು."

"ಬೆಳದ್ರ ನಾನ ಬಂದು ತಗೀರಿ ಅಂತೇನ್ರಿ," ಎಂದಳು ಸುಮಲತಾ. ಅದು ನಿಜವಾಗಿತ್ತು. ತೆಗೆಸುವುದೂ ಈಗ ಅವಳ ಮಾತೇ ಆಗಿತ್ತು.

ಬಸ್‌ಸ್ಟ್ಯಾಂಡಿನ ಹತ್ತಿರ ಬುಟ್ಟಿಯಲ್ಲಿ ಪೇರಲ ಹಣ್ಣು ಇದ್ದವು. ಮಾಲತೇಶ ಕೊಳ್ಳಲು ಹೋಗಿ, ಒಂದನ್ನು ಅಂಗೈಯಲ್ಲಿ ಇಟ್ಟುಕೊಂಡು ತುಸು ಹೊತ್ತು ನಿಂತ. ಹಿಂದೆಂದೂ ಅವನು ಹಣ್ಣನ್ನು ಹಾಗೆ ಹಿಡಿದದ್ದನ್ನು ಅವಳು ನೋಡಿರಲಿಲ್ಲ.

ಪಂಚಮಿಯಾಯಿತು. ಮರುದಿನ, ಆಸ್ಪತ್ರೆಯ ದಿನ, ಹಿತ್ತಲಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ. ನೋಡಿಕೊಳ್ಳಲೆಂದು ಬಂದ ಮಗಳು ನೋಡಿಕೊಳ್ಳುವಂಥದ್ದೇನೂ ಇಲ್ಲದೆ ಅದರಲ್ಲಿ ಕೂತು ಉಂಡೆ ತಿನ್ನುತ್ತಿದ್ದಳು. ಮೂರರ ಹೊತ್ತಿಗೆ ಕರೀಮಾಬಿ ಒಳಗೆ ಬಂದಳು, ಸೆರಗಿನ ತುದಿಯಲ್ಲಿ ಮಡಿಸಿಟ್ಟುಕೊಂಡ ಚೀಟಿ. ಅವಳ ಹಿಂದೆ ಕೆಳಗಿನ ಓಣಿಯ ಮುರಿಗೆವ್ವ, ಅವಳ ಕೈಯಲ್ಲೂ ಒಂದು.

"ಅಕ್ಕಾರ, ನನಗ ಗಂಟಲದಾಗ ಏನೋ ಅಂದಾರ್ರಿ. ಥೈರಾಯ್ಡ್ ಅಂತ. ನಿಮ್ಮ ಟಿ.ವಿ.ಯಾಗ ಅದೂ ಬರತೈತೇನು?"

"ಬರತೈತಿ ಕುಂದರ್ರಿ. ಖರೇ, ಓದಿದ ಮ್ಯಾಲೆ ಡಾಕ್ಟರ್ ಹತ್ರ ಹೋಗಿ ಕೇಳೂದು ನೀವ. ಟಿ.ವಿ. ಗುಳಿಗಿ ಕೊಡೂದಿಲ್ಲ."

ಹನುಮವ್ವ ಮುಂದಿನ ಸಾಲಿನಲ್ಲಿ ತನ್ನ ಮಣೆ ಹಾಕಿಕೊಂಡು ಆಗಲೇ ಕೂತಿದ್ದಳು. ಸುಮಲತಾ ಕಸೂತಿ ಬಟ್ಟೆ ತೆಗೆದು ಮಡಿಚಿ ಕಪಾಟಿನಲ್ಲಿ ಇಟ್ಟಳು. ಆಮೇಲೆ ಗ್ಯಾರೇಜಿಗೆ ಫೋನ್ ಹಚ್ಚಿದಳು.

"ಮೂರರಿಂದ ನಾಲ್ಕರ ತನಕ ಮನಿಗೆ ಫೋನ್ ಹಚ್ಚಬ್ಯಾಡ್ರಿ."

"ಯಾಕ?"

"ಲೈನು ನನಗ ಬೇಕಾಗೇತಿ."

ಆ ಕಡೆ ಗ್ಯಾರೇಜಿನ ಸುತ್ತಿಗೆಯ ಸದ್ದು. ಆಮೇಲೆ ಮಾಲತೇಶನ ದನಿ: "ಆತು. ಅಂದಂಗ ಸುಮಾ, ಆ ಪಂಪ್ ಕಂಪನೀದು ಹೊಸಾ ಮಾಡೆಲ್ ಬಂದೈತಂತ. ಅದನ್ನೂ ಒಂದೀಟು ನೋಡತಿಯೇನು?"

ಸುಮಲತಾ ಪಡಸಾಲೆಯತ್ತ ನೋಡಿದಳು. ಮುರಿಗೆವ್ವ ಚೀಟಿ ಬಿಡಿಸಿ ಸಜ್ಜಾಗಿ ಕೂತಿದ್ದಳು. ಬಾಗಿಲಲ್ಲಿ ಇನ್ನಾರೋ ಚಪ್ಪಲಿ ಬಿಡುತ್ತಿದ್ದರು.

"ನಾಲ್ಕರ ಮ್ಯಾಲೆ ಬರ್ರಿ," ಎಂದಳು. "ಈಗ ಪಾಳಿ ಐತಿ."